ನೀನಾ? ನೀವಾ?

“ಬನ್ನಿ, ಮದ್ಮಾಜೆಲ್. ಪ್ರಯಾಣ ಸುಖವಾಗಿತ್ತಾ?”

ಬನ್ನಿಯಂತೆ! ಮದ್ಮಾಜೆಲ್ ಅಂತೆ, ಯಾರೋ ಗುರುತಿಲ್ಲದ ಕುಮಾರಿಗೆ ಅಂದ ಹಾಗೆ!

ಲ ಹಾವ್ರ್ ಬಂದರಿನ ಗಾಳಿಗಿಂತ ಆ ಮಾತೇ ಅನ್ನಿಕ್‌ಳನ್ನು ಹೆಚ್ಚು ಕೊರೆಯಿತು. ಎರಡು ವರ್ಷದ ಹಿಂದೆ ಇದೇ ರೆಮಿ ಅವಳ ಮಡಿಲಲ್ಲಿ ತಲೆಯಿಟ್ಟು, “ನೀನಿಲ್ದೆ ನಂಗೆ ಒಂದು ದೃಶ್ಯನೂ ತೆಗೆಯೋಕೆ ಬರಲ್ಲ ಕಣೇ” ಅಂದಿದ್ದ.

ಈಗ ಅವನು ಹೆಸರಾದ ನಿರ್ದೇಶಕ. ಅಮೆರಿಕದ ಪತ್ತೇದಾರಿ ಕಾದಂಬರಿಯೊಂದನ್ನು ಫ್ರೆಂಚ್ ಚಿತ್ರವಾಗಿಸುತ್ತಿದ್ದ. ಸಂಭಾಷಣೆ ಅನ್ನಿಕ್‌ಳದು. ಪ್ಯಾರಿಸ್‌ನಲ್ಲೇ ಕೂತು ಬರೆದು ಕಳಿಸಿದ್ದಳು, ಅವನ ಮುಖ ನೋಡುವ ಗೊಡವೆಯೇ ಬೇಡವೆಂದು. ಆದರೆ ಕೊನೆಯ ಮಾತು ಬಾಯಿಗೆ ಬರುತ್ತಿಲ್ಲ ಎಂದು ನಾಯಕಿ ಜಿನೆತ್ ಹಟ ಹಿಡಿದು ಅವಳನ್ನು ಇಲ್ಲಿಗೆ, ಚಿತ್ರೀಕರಣದ ಜಾಗಕ್ಕೇ, ಕರೆಸಿದ್ದಳು.

“ಅಲ್ಲಾ ಕಣ್ರೀ,” ಜಿನೆತ್ ಕೈ ಆಡಿಸಿದಳು, “ನಮ್ಮ ಫ್ರೆಂಚಲ್ಲಿ ಜೊತೇಲಿ ಸಂಸಾರ ಮಾಡಿದ ಗಂಡನಿಗೆ ಯಾರಾದ್ರೂ ‘ನಿನಗಾಗಿ’ ಅನ್ನದೆ ‘ನಿಮಗಾಗಿ ಕಾದಿದ್ದೆ’ ಅಂತಾರಾ? ನಾನೇನು ಅಂಗಡಿಯವಳಾ, ಗಿರಾಕಿಗೆ ಹೇಳೋಕೆ?”

ಎಲ್ಲರೂ ನಕ್ಕರು. ಅನ್ನಿಕ್ ನಗಲಿಲ್ಲ.

“ತಾನು ಮಾಡಿದ ಕೊಲೆನ ಹೆಂಡತಿ ತಲೆಗೆ ಕಟ್ಟಿದವನು ಅವನು. ಅಂಥವನ ಹತ್ರ ‘ನೀನು’ ಅನ್ನೋ ಸಲಿಗೆ ಯಾಕೆ?”

“ಪುಸ್ತಕದಲ್ಲಿ ಅವಳಿಗೆ ಇನ್ನೂ ಪ್ರೀತಿ ಇದೆ,” ಎಂದ ರೆಮಿ ಮೆಲ್ಲಗೆ.

“ಪುಸ್ತಕ ಇಂಗ್ಲಿಷಿಂದು! ಅಲ್ಲಿ ನಾಯಿಗೂ ‘ಯೂ’, ದೊರೆಗೂ ಅದೇ ‘ಯೂ’. ಪುಣ್ಯವಂತರು! ನಮ್ಮ ಫ್ರೆಂಚರಿಗೆ ಆ ಭಾಗ್ಯ ಇಲ್ಲ.”

“ನೀವು... ಕಥೆ ಬಗ್ಗೆ ತಾನೇ ಮಾತಾಡ್ತಿರೋದು?”

“ಮತ್ತೆ? ನಿಮ್ಮ ಬಗ್ಗೆಯಾ?”

ಕ್ಯಾಮೆರಾದವರೆಲ್ಲ ತಲೆ ತಗ್ಗಿಸಿದರು.

“ನಾನು ಯಾವತ್ತು ಕೊಲೆಗಾರ ಆದೆ, ಅನ್ನಿಕ್?”

ತಡೆದಿಟ್ಟದ್ದೆಲ್ಲ ಕಟ್ಟೆಯೊಡೆಯಿತು.

“ನಿರ್ಮಾಪಕನ ಎದುರಿಗೆ ‘ನೀವು ಸ್ವಲ್ಪ ಹೊರಗಿರಿ, ಮದ್ಮಾಜೆಲ್’ ಅಂದ್ರಲ್ಲ, ಅವತ್ತು! ನಾನು ಬರೆದ ಚಿತ್ರಕ್ಕೆ ಪರದೆ ಮೇಲೆ ನನ್ನ ಹೆಸರೇ ಬರಲಿಲ್ವಲ್ಲ, ಅವತ್ತು! ಅಮ್ಮ ಊರಿನವರನ್ನೆಲ್ಲ ಕರ್ಕೊಂಡು ಸಿನಿಮಾಗೆ ಹೋಗಿದ್ದಳು. ದೀಪ ಹಾಕಿದ್ರೂ ಏಳಲಿಲ್ಲ. ಕೊನೆಗಾದ್ರೂ ನನ್ನ ಮಗಳ ಹೆಸರು ಬರುತ್ತೆ ಅಂತ ಕೂತೇ ಇದ್ದಳಂತೆ... ಈ ವಸಂತದಲ್ಲಿ ಹೋಗ್ಬಿಟ್ಟಳು.”

ರೆಮಿಯ ಮುಖ ಬಿಳಿಚಿತು.

“ನನಗೆ ಗೊತ್ತಿರಲಿಲ್ಲ... ಆ ನಿರ್ಮಾಪಕ ನಿನ್ನನ್ನ ‘ಹಾಸಿಗೆಯವಳು’ ಅಂದ. ನಮ್ಮಿಬ್ಬರ ಸಲಿಗೆ ಕಾಣಿಸಬಾರದು, ನಿನ್ನ ಮರ್ಯಾದೆ ಉಳೀಲಿ ಅಂತ ‘ನೀವು’ ಅಂದೆ. ಹೆಸರು ಹಾಕಿದ್ರೆ ಚಿತ್ರನೇ ನಿಲ್ಲಿಸ್ತೀನಿ ಅಂದ. ನಾನು... ಹೆದರಿದೆ.”

ಹೆದರಿದನಂತೆ! ಇಷ್ಟೇನಾ?

ಹೆಸರಿನಾಸೆಗೆ ಅವನು ತನ್ನನ್ನು ಮಾರಿಬಿಟ್ಟ ಎಂದು ಅವಳು ಇಷ್ಟು ದಿನ ಉರಿದಿದ್ದಳು. ಮೋಸಗಾರನಾಗಿದ್ದರೆ ಶಪಿಸಿಕೊಂಡಾದರೂ ಬದುಕಬಹುದಿತ್ತು. ಇವನು ಬರೀ ಹೇಡಿ... ಹೇಡಿಯನ್ನು ಏನು ಮಾಡುವುದು?

ರೆಮಿ ಎಲ್ಲರ ಕಡೆ ತಿರುಗಿದ.

“ಕೇಳಿ ಎಲ್ಲರೂ! ನನ್ನ ಹಿಂದಿನ ಚಿತ್ರದ ಒಂದೊಂದು ಮಾತೂ ಇವಳದ್ದು. ಈ ಸಲ ಇವಳ ಹೆಸರು ಬರಲಿಲ್ಲ ಅಂದ್ರೆ ನನ್ನ ಹೆಸರೂ ಬರೋದು ಬೇಡ!” ಮತ್ತೆ ಅವಳತ್ತ ತಿರುಗಿದ. “ಅನ್ನಿಕ್... ನಿನ್ನನ್ನ ಪ್ರೀತಿಸ್ತೀನಿ ಕಣೇ!”

ಎರಡು ವರ್ಷ ಇದೇ ಮಾತಿಗೆ ಹಂಬಲಿಸಿದ್ದಳು. ಈಗ ಕೇಳಿದರೆ ಅಳುವೊಂದೇ ಬಂತು.

“ಅಮ್ಮ ಇದ್ದಾಗ ಹೇಳಬೇಕಿತ್ತು, ರೆಮಿ.”

ಜಿನೆತ್ ಮತ್ತೆ ವಾದಿಸಲಿಲ್ಲ. ಸುಮ್ಮನೆ ಕ್ಯಾಮೆರಾ ಮುಂದೆ ಹೋಗಿ ನಿಂತು, ಬೇಡಿ ತೊಟ್ಟ ಗಂಡನ ಪಾತ್ರಧಾರಿಯನ್ನು ನೋಡುತ್ತ, “ನಿಮಗಾಗಿ ಕಾದಿದ್ದೆ” ಎಂದಳು. ಈ ಸಲ ಯಾರೂ ನಗಲಿಲ್ಲ. ಒಂದೇ ಟೇಕಿಗೆ ಮುಗಿಯಿತು.

ಅನ್ನಿಕ್ ಚೀಲ ಎತ್ತಿಕೊಂಡು ಸ್ಟೇಷನ್ ಕಡೆ ಹೊರಟಳು. ರೆಮಿ ನಾಲ್ಕು ಹೆಜ್ಜೆ ಹಿಂದೆಯೇ ಬಂದ.

“ಇನ್ನು ನಾನು ಕಾಯ್ತೀನಿ, ಅನ್ನಿಕ್. ಎಷ್ಟು ದಿನ ಆದ್ರೂ.”

“ಕಾಯಿರಿ,” ಎಂದಳು ತಿರುಗಿ ನೋಡದೆ.

ಹಿಂದೆ ಅವನು ಸೀನಿದ್ದು ಕೇಳಿಸಿತು. ಮತ್ತೊಮ್ಮೆ ಸೀನಿದ. ಪ್ರತಿ ಚಿತ್ರೀಕರಣದಲ್ಲೂ ಇದೇ ಗೋಳು, ನೆಗಡಿ ಹಿಡಿಸಿಕೊಂಡು ಮಲಗುವುದು! ಅವಳಿಗೆ ರೇಗಿಹೋಯಿತು.

“ಮಫ್ಲರ್ ಕಟ್ಕೋ!”

ಅವನು ನಿಂತಲ್ಲೇ ನಿಂತ.

“ಈಗ... ಏನಂದೆ?”

ಅವಳ ಕಣ್ಣು ತುಂಬಿತ್ತು, ಸಿಟ್ಟು ಮಾತ್ರ ಹಾಗೇ ಇತ್ತು.

“ಕಟ್ಕೋ ಅಂದೆ... ಕಿವಿ ಕೇಳಲ್ವಾ ನಿಂಗೆ?”