ಹೊಸ ಕಾಲಿನ ಮೇಜು

ಬೆಳಿಗ್ಗೆ ಎಂಟೂವರೆಗೆ ಪುರಭವನದ ಒಳಗೆ ಕಾಲಿಟ್ಟ ಬಡಗಿ ಹುಡುಗಿಗೆ ಮೊದಲು ಕಂಡದ್ದು ತನ್ನ ಮೇಜಿನ ಮೇಲೆ ಯಾರೋ ಅಂಟಿಸಿದ್ದ ಕೆಂಪು ಚೀಟಿ. 'ದುರಸ್ತಿಯನ್ನು ಮರೆಮಾಚಲಾಗಿದೆ. ಪ್ರದರ್ಶನದಿಂದ ಹೊರಗಿಡಿ.'

ಓದುತ್ತಿದ್ದ ಹಾಗೆ ಅಂಗಾಲಿನ ಉರಿ ನೆತ್ತಿಗೇರಿತು. ಪೇಟೆಯಲ್ಲಿ ಅವಳಿಗೆ ಮೆಣಸಿನಕಾಯಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ನಗರದ ಹಳೆಯ ವಸ್ತುಗಳ ವ್ಯಾಪಾರಿಗಳೆಲ್ಲ ಸೇರಿ ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನ ಇದು. ಬಂದ ಲಾಭವೆಲ್ಲ ಕಣ್ಣಾಸ್ಪತ್ರೆಗೆ, ಬಡವರ ಆಪರೇಷನ್‌ಗೆ. ಪುಣ್ಯದ ಕೆಲಸ ನಿಜ, ಆದರೆ ನಿಯಮ ಮಾತ್ರ ಕಟ್ಟುನಿಟ್ಟು. ಬಾಗಿಲು ತೆರೆಯುವ ಮುಂಚೆ ಪರೀಕ್ಷಕರು ಒಂದೊಂದು ವಸ್ತುವನ್ನೂ ಮಗುಚಿ ನೋಡುತ್ತಾರೆ. ಹಳೆಯದಕ್ಕೆ ಹೊಸ ಮರ ಕೂಡಿಸಿದ್ದರೆ ತಪ್ಪಿಲ್ಲ, ಅದು ಕಣ್ಣಿಗೆ ಕಾಣಬೇಕು. ಬಣ್ಣ ಹಚ್ಚಿ ಮುಚ್ಚಿದರೆ ಮೋಸ, ಅಂಥವರಿಗೆ ಮೂರು ವರ್ಷ ಇತ್ತ ಪ್ರವೇಶವಿಲ್ಲ.

ಇಷ್ಟು ವರ್ಷ ಅವಳ ಕೆಲಸವೆಲ್ಲ ಸೋದರಮಾವನ ಅಂಗಡಿಯ ಹೆಸರಿನಲ್ಲಿ ಇಲ್ಲಿಗೆ ಬರುತ್ತಿತ್ತು. ಈ ಬರೆಯುವ ಮೇಜು ಅವಳ ಸ್ವಂತ ಹೆಸರಿನ ಮೊದಲನೆಯದು. ಗೆದ್ದಲು ತಿಂದ ಎಡಗಾಲನ್ನು ತೆಗೆದು, ಅದೇ ಜಾತಿಯ ಮರದಲ್ಲಿ ಹೊಸ ಕಾಲು ಕಡೆದು ಕೂಡಿಸಿ, ಬೇಕೆಂದೇ ಬಣ್ಣ ಹಾಕದೆ ಬಿಟ್ಟಿದ್ದಳು. ಮೂರು ಕಾಲು ಕಂದು, ಒಂದು ಬಿಳಿಚು. ವಿವರದ ಹಾಳೆಯಲ್ಲೂ 'ಎಡಗಾಲು ಹೊಸದು' ಎಂದು ಬರೆದಿದ್ದಳು.

ಈಗ ಬಗ್ಗಿ ನೋಡಿದರೆ ನಾಲ್ಕೂ ಕಾಲು ಒಂದೇ ಬಣ್ಣ, ಹಳೆಯ ಗೀರು, ಕಲೆಗಳ ಸಮೇತ. ಇಷ್ಟು ಚೆಂದದ ಕಳ್ಳಕೆಲಸ ಬಲ್ಲ ಕೈ ಆ ಪೇಟೆಯಲ್ಲಿ ಒಂದೇ ಇತ್ತು.

ಆ ಕೈಯ ಒಡೆಯ ಅಷ್ಟರಲ್ಲಿ ಬಂದ. ಮಾವನ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಅವಳ ಪಕ್ಕದ ಬೆಂಚಿನಲ್ಲಿ ಕೂರುವ ಪಾಲಿಶ್‌ನವನು. ಹಳೆಯದಕ್ಕೆ ಹೊಸದನ್ನು ಗೊತ್ತಾಗದಂತೆ ಹೊಂದಿಸುವುದೇ ಅಲ್ಲಿ ಅವನ ಕಸುಬು. ಪ್ರದರ್ಶನಕ್ಕೆ ಹೋಗುವ ವಸ್ತುಗಳು ಅವನ ಕೈಗೆ ಬರುತ್ತಿರಲಿಲ್ಲ. ಇಲ್ಲಿಗೆ ಅವನು ಬಂದದ್ದೂ ಇದೇ ಮೊದಲು, ಇಸ್ತ್ರಿ ಮಾಡಿದ ಶರ್ಟು ಬೇರೆ. ಮುಖದಲ್ಲಿ ಶಭಾಷ್‌ಗಿರಿಗೆ ಕಾದ ನಗು.

"ನೋಡಿದ್ರಾ?" ಎಂದ.

"ನೋಡ್ದೆ. ನೀನೇ ತಾನೆ ಮಾಡಿದ್ದು?"

ಅವಳು ಅವನನ್ನು ನೀನು ಎಂದದ್ದು ನಾಲ್ಕು ವರ್ಷದಲ್ಲಿ ಇದೇ ಮೊದಲು. ಪಾಪ, ಅದನ್ನು ಸಲಿಗೆಯೆಂದು ತಿಳಿದು ಅವನ ಕಿವಿ ಕೆಂಪಾಯಿತು.

"ನಿನ್ನೆ ಸಂಜೆ ಅಂಗಡೀಲಿ, ನೀವು ಹೋದ್ಮೇಲೆ, ಮೇಜು ಗಾಡಿಗೆ ಏರಿಸೋ ಮುಂಚೆ. ಟೈಮ್ ಸಾಲ್ದೆ ಹಾಗೇ ಬಿಟ್ಟಿದ್ದೀರಿ ಅಂದ್ಕೊಂಡೆ."

ಅವಳು ಕೆಂಪು ಚೀಟಿಯತ್ತ ಬೆರಳು ಮಾಡಿದಳು. ಅವನು ಓದಿದ. ನಿಯಮ ಏನೆಂದು ಅವಳು ಹಲ್ಲು ಕಚ್ಚಿ ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ಇಳಿದುಹೋಗಿತ್ತು.

"ನಾನು ಹೋಗಿ ಹೇಳ್ತೀನಿ, ನಂದೇ ತಪ್ಪು ಅಂತ."

"ನಿಂತ್ಕೋ. ನನ್ನ ಕೇಳ್ದೆ ಮೇಜು ಮುಟ್ದೆ. ಈಗ ನನ್ನ ಕೇಳ್ದೆ ನನ್ನ ಪರ ಮಾತಾಡೋಕೆ ಹೊರಟಿದ್ದೀಯ. ನನ್ನ ಬಾಯಿಗೆ ಏನಾಗಿದೆ?"

ಅವಳ ಬಾಯಿಗೆ ಏನೂ ಆಗಿಲ್ಲವೆಂಬುದು ಇಡೀ ಸಭಾಂಗಣಕ್ಕೆ ಕೇಳಿಸುತ್ತಿತ್ತು. ಪಕ್ಕದ ಸ್ಟಾಲಿನ ಗಡಿಯಾರದವನು ಆಗಲೇ ಒರೆಸಿಟ್ಟಿದ್ದ ಗಡಿಯಾರವನ್ನು ಮತ್ತೆ ಒರೆಸತೊಡಗಿದ.

ಮುಖ್ಯ ಪರೀಕ್ಷಕಿ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯಾಕೆ. ಬಡಗಿ ನೇರವಾಗಿ ಅವರ ಮುಂದೆ ಹೋಗಿ ನಿಂತಳು.

"ಎಡಗಾಲು ಹೊಸದು ಅಂತ ನಾನೇ ಬರೆದಿದ್ದೀನಿ ಮೇಡಂ. ಮೇಲಿನ ಬಣ್ಣ ನನ್ನದಲ್ಲ. ಇಲ್ಲೇ ತೆಗೆದು ತೋರಿಸ್ತೀನಿ."

ಆಕೆ ಕನ್ನಡಕದ ಮೇಲಿಂದ ಅವಳನ್ನು ಅಳೆದು ನೋಡಿದರು. "ಹತ್ತಕ್ಕೆ ಬಾಗಿಲು ತೆಗೀತೀವಿ. ಅದಕ್ಕೆ ಮುಂಚೆ ಬಂದು ನೋಡ್ತೀನಿ. ಮರ ಕಾಣ್ಲಿಲ್ಲ ಅಂದ್ರೆ ಮೇಜು ಆಚೆಗೆ."

ವಾಪಸ್ಸು ಬಂದರೆ ಪಾಲಿಶ್‌ನವನು ಎಲ್ಲಿಂದಲೋ ಹತ್ತಿ, ಪಾಲಿಶ್ ಕರಗಿಸುವ ಸ್ಪಿರಿಟ್ ತಂದು ನೆಲದ ಮೇಲೆ ಕೂತಿದ್ದ. ಅವಳಿಗೆ ಒಂದೇ ಭಯ.

"ಬಣ್ಣ ಮರಕ್ಕೇ ಇಳಿಸಿದ್ದೀಯಾ?"

"ಇಲ್ಲ. ಮೊದ್ಲು ಬಣ್ಣ ಇಲ್ದಿರೋ ಪಾಲಿಶ್ ಒಂದು ಕೋಟು ಕೊಟ್ಟೆ, ಬಣ್ಣ ಅದರ ಮೇಲೆ. ನಿಮಗೆ ಬೇಡ ಅನ್ನಿಸಿದ್ರೆ ತೆಗೀಬಹುದು ಅಂತ."

ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಮನುಷ್ಯ ತಪ್ಪು ಮಾಡುವಾಗಲೂ ಇಷ್ಟು ಒಳ್ಳೆಯವನಾಗಿದ್ದರೆ ಅವನ ಮೇಲೆ ನೆಮ್ಮದಿಯಾಗಿ ಸಿಟ್ಟಾಗುವುದು ಹೇಗೆ? ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಕಾಲಿನ ಆ ಕಡೆ ಅವನು, ಈ ಕಡೆ ಅವಳು ಕೂತು ಉಜ್ಜತೊಡಗಿದರು. ಹತ್ತಿಗೆ ಕಂದು ಬಣ್ಣ ಹತ್ತಿತು. ಮೇಜಿನ ಕೆಳಗೆ ಇಬ್ಬರ ತಲೆ ಒಮ್ಮೆ ತಾಗಿತು. ಅವನು ಹಿಂದೆ ಸರಿದ, ಅವಳು ಸರಿಯಲಿಲ್ಲ. ಅವನ ರೆಪ್ಪೆಗಳು ಗಂಡಸಿಗೆ ಅತಿಯಾಯಿತು ಎನ್ನುವಷ್ಟು ಉದ್ದ ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಇವತ್ತು ಅದನ್ನು ಗಮನಿಸುವ ದಿನವಲ್ಲ ಎಂದುಕೊಂಡು ಮತ್ತೊಮ್ಮೆ ಗಮನಿಸಿದಳು.

"ಯಾಕೆ ಮಾಡ್ದೆ?"

"ಆ ಬಿಳಿ ಕಾಲು ನೋಡಿ ಯಾರಾದ್ರೂ ನಗ್ತಾರೆ ಅನ್ನಿಸ್ತು. ನೀವು ಒಂದು ತಿಂಗಳು ಇದಕ್ಕೆ ಊಟ ನಿದ್ದೆ ಬಿಟ್ಟಿದ್ದು ನಾನು ನೋಡಿದ್ದೀನಿ."

"ನೋಡ್ತಾನೇ ಇರ್ತೀಯ, ಕೇಳೋಕೆ ಮಾತ್ರ ಬಾಯಿ ಬರಲ್ಲ. ಬೆಳಿಗ್ಗೆ ಬಂದ್ರೆ ನನ್ನ ಉಳಿ ಮಸೆದಿಟ್ಟಿರ್ತೀಯ, ಯಾರು ಅಂದ್ರೆ ಸೂರು ನೋಡ್ತೀಯ. ಮಳೆ ಬಂದ್ರೆ ಛತ್ರಿ ನನ್ನ ಬೆಂಚಿನ ಮೇಲಿಟ್ಟು ನೆನ್ಕೊಂಡು ಹೋಗ್ತೀಯ. ಮೂಗಿನ ತುದೀಲಿ ಕೋಪ ಇದ್ರೂ ನಾನೂ ಮನುಷ್ಯಳೇ. ಎಷ್ಟು ವರ್ಷ ಅಂತ ಕಾಯ್ಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ತುಟಿ ಕಚ್ಚಿ, ಕಾಲಿನ ಚರ್ಮ ಸುಲಿಯುವವಳಂತೆ ಉಜ್ಜಿದಳು.

ಅವನ ಕೈ ನಿಂತಿತ್ತು. "ನೀವು ಇಲ್ಲ ಅಂದ್ರೆ ಪಕ್ಕದಲ್ಲಿ ಕೂರೋದೂ ತಪ್ಪಿಹೋಗುತ್ತೆ ಅಂತ ಹೆದರಿಕೆ. ನನಗೆ ನೀವು ಅಂದ್ರೆ ತುಂಬಾ ಇಷ್ಟ. ನಾನು ಕೆಲಸಕ್ಕೆ ಸೇರಿದ ದಿನ ನೀವು ಮಾವನ ಹತ್ರ ಜಗಳ ಆಡ್ತಿದ್ರಲ್ಲ, ಆವತ್ತಿಂದ."

"ಇಷ್ಟು ಹೇಳೋಕೆ ನನ್ನ ಮೇಜು ಹಾಳು ಮಾಡ್ಬೇಕಿತ್ತಾ?" ಎಂದಳು. ಹೊಸ ಹತ್ತಿ ಕಿತ್ತು ಅವನ ಕೈಗೆ ತುರುಕಿದಳು. "ಕೈ ನಿಲ್ಲಿಸ್ಬೇಡ. ಉಜ್ಜು."

ಹತ್ತಕ್ಕೆ ಹತ್ತು ನಿಮಿಷ ಇರುವಾಗ ಪರೀಕ್ಷಕಿ ಬಂದರು. ಮಂಡಿಯೂರಿ, ಟಾರ್ಚಿನ ಬೆಳಕು ಬಿಟ್ಟು, ಬಿಳಿಚು ಮರದ ಮೇಲೆ ಉಗುರಾಡಿಸಿದರು.

"ಬಣ್ಣ ಹಾಕಿದ್ದು ಯಾರು?"

ಅವನು ಮೊದಲು ಬಡಗಿಯ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ, "ನಾನು. ಇವರನ್ನ ಕೇಳ್ದೆ ಹಾಕ್ದೆ" ಎಂದ.

"ನೀವು ಇವರಿಗೆ ಏನಾಗ್ಬೇಕು?"

ಅವನು ಹತ್ತಿಯನ್ನು ಮತ್ತೆ ಸ್ಪಿರಿಟ್‌ನಲ್ಲಿ ಅದ್ದಿದ.

"ಇನ್ನೂ ಏನೂ ಆಗಿಲ್ಲ," ಎಂದಳು ಅವಳು, ತಲೆಯೆತ್ತದೆ. "ಆಗ್ತಾರೆ. ಮೊದ್ಲು ಈ ಕಾಲು ಮುಗಿಸ್ಲಿ."

ಪರೀಕ್ಷಕಿ ಕೆಂಪು ಚೀಟಿಯನ್ನು ಕಿತ್ತು ಮಡಿಸಿ ಜೇಬಿಗೆ ಹಾಕಿಕೊಂಡರು. "ಕೀಲಿನ ಹತ್ರ ಇನ್ನೂ ಸ್ವಲ್ಪ ಉಳಿದಿದೆ ನೋಡಿ," ಎಂದು ಹೇಳಿ ಗಡಿಯಾರದವನ ಕಡೆ ನಡೆದರು.

ಬಾಗಿಲು ತೆರೆದು ಜನ ಒಳಗೆ ಬರತೊಡಗಿದರು. ಅವನು ಇನ್ನೂ ನೆಲದ ಮೇಲೆಯೇ ಕೂತಿದ್ದ.

"ಆಗ್ತೀನಾ?" ಎಂದು ಮೆಲ್ಲಗೆ ಕೇಳಿದ.

"ಸಂಜೆ ಬಸ್ಸು ಬೇಡ, ನಡ್ಕೊಂಡೇ ಹೋಗೋಣ," ಎಂದಳು. "ನಿನಗೆ ಬೈಯೋದು ಇನ್ನೂ ಬೇಕಾದಷ್ಟಿದೆ."