ಕರಗದ ವಾಲ್ವ್

"ಮಗಳನ್ನ ಕುಕ್ಕರ್ ನುಂಗ್ತು, ಅಳಿಯನ್ನ ಪೊಲೀಸ್ರು ಎಳ್ಕೊಂಡು ಹೋದ್ರು. ಅವನು ಯಾರನ್ನೂ ಕೊಂದಿಲ್ಲಮ್ಮ," ಎಂದು ಮುದುಕಿ ನನ್ನ ಅತ್ತಿಗೆಯ ಎರಡೂ ಕೈ ಹಿಡಿದುಕೊಂಡಳು.

ನನ್ನ ಅತ್ತಿಗೆ ಪತ್ತೇದಾರಿ, ನಾನು ಅವಳ ಚೀಲ ಹೊರುವವನು. ಊರಿನವರ ಅತ್ತಿಗೆಯರು ಮೈದುನನಿಗೆ ಹೆಣ್ಣು ಹುಡುಕುತ್ತಾರೆ. ನನ್ನ ಹಣೆಬರಹ, ಇವಳು ಹೆಣ ತೋರಿಸುತ್ತಾಳೆ.

ಪಾತ್ರೆ ಅಂಗಡಿಯ ಹಿಂದಿನ ರಿಪೇರಿ ಕೋಣೆಯಲ್ಲಿ ಮಾಲೀಕ ಬಿದ್ದಿದ್ದ. ಕುಕ್ಕರಿನ ತಳದಿಂದ ಯಾರೋ ಅವನ ತಲೆಯನ್ನು ಏಳೆಂಟು ಸಲ ಜಜ್ಜಿದ್ದರು. ಎಡಗಣ್ಣು ಇದ್ದ ಕಡೆ ಕಣ್ಣೇ ಇರಲಿಲ್ಲ, ಹಲ್ಲುಗಳು ನೆಲದಲ್ಲಿ ಚೆಲ್ಲಿದ್ದವು. ಅದು ಮುದುಕಿಯ ಮಗಳದೇ ಕುಕ್ಕರ್. ಎರಡು ವಾರದ ಹಿಂದೆ ಅದರ ಮುಚ್ಚಳ ಹಾರಿ ಆಕೆಯ ಕುತ್ತಿಗೆ ಸೀಳಿತ್ತು. ಹಿಂದಿನ ದಿನ ಅಳಿಯ ಅದನ್ನು ತಂದು ಕೌಂಟರಿನ ಮೇಲೆ ಕುಕ್ಕಿ, "ನಿನ್ನ ತಲೇನೂ ಹೀಗೇ ಒಡೀತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ ಹೋಗಿದ್ದ. ಪೊಲೀಸರಿಗೆ ಅಷ್ಟೇ ಸಾಕಾಗಿತ್ತು.

ಅತ್ತಿಗೆ ಹೆಣಕ್ಕಿಂತ ಹೆಚ್ಚು ಹೊತ್ತು ಪಕ್ಕದಲ್ಲಿದ್ದ ಮುಚ್ಚಳವನ್ನು ನೋಡಿದಳು. ಮಸಿ ಹಿಡಿದು ಅಂಚು ಬಾಗಿದ್ದ ಅದರ ಮೇಲೆಲ್ಲ ರಕ್ತ ಸಿಡಿದಿತ್ತು. ಸೇಫ್ಟಿ ವಾಲ್ವ್ ಮಾತ್ರ ಪರೀಕ್ಷೆಯ ಮುದ್ರೆ ಹೊತ್ತು ಫಳಫಳ ಹೊಳೆಯುತ್ತಿತ್ತು.

"ಇದು ಅಸಲಿನಾ?" ಬಾಗಿಲಲ್ಲಿ ನಿಂತಿದ್ದ ಅಂಗಡಿಯ ರಿಪೇರಿಯವನನ್ನು ಕೇಳಿದಳು.

"ಅಸಲಿ ಅಮ್ಮ. ಆದ್ರೆ ಮಾರೋ ಕುಕ್ಕರಿಗೆ ನಾವು ಹಾಕೋದು ನಕಲಿ," ಅವನು ತಲೆ ತಗ್ಗಿಸಿದ. "ತಪಾಸಣೆಯವ್ರಿಗೆ ತೋರ್ಸೋಕೆ ಅಂತ ಆರು ಅಸಲಿ ಬೀರುಲಿಟ್ಟಿದೀವಿ. ಬೀಗದ ಕೈ ಮಾಲೀಕ್ರತ್ರ, ನನ್ನತ್ರ, ಅವ್ರ ಬಾಮೈದನತ್ರ ಇದೆ."

ಬೀರುವಿನಲ್ಲಿ ಐದಿದ್ದವು.

ಬಾಮೈದನೇ ಅಂಗಡಿಯ ಮಾರಾಟಗಾರ. ಮಾತಿನ ನುಣುಪಿಗೆ ಬೀದಿಯವರು ಅವನನ್ನು ಬೆಣ್ಣೆ ಎನ್ನುತ್ತಿದ್ದರು. ಮಧ್ಯಾಹ್ನ ಅತ್ತಿಗೆ ಅವನನ್ನು, ರಿಪೇರಿಯವನನ್ನು, ಮಾಲೀಕನ ಹೆಂಡತಿಯನ್ನು, ಮುದುಕಿಯನ್ನು, ಇನ್‌ಸ್ಪೆಕ್ಟರನ್ನು ಅಂಗಡಿಯಲ್ಲೇ ಕೂರಿಸಿದಳು.

"ಮುಚ್ಚಳದ ತುಂಬ ರಕ್ತ, ವಾಲ್ವ್ ಮೇಲೆ ಒಂದು ಹನಿ ಇಲ್ಲ. ಅಂದ್ರೆ ಕೊಂದಾದ್ಮೇಲೆ ವಾಲ್ವ್ ಬದಲಾಗಿದೆ. ಅಂಗಡಿ ವಿರುದ್ಧ ಅಳಿಯನಿಗೆ ಇದ್ದ ಸಾಕ್ಷೀನೇ ಆ ನಕಲಿ ವಾಲ್ವ್. ಅದನ್ನ ಅವನ್ಯಾಕೆ ಕೀಳ್ತಾನೆ? ಬೀರು ತೆಗೆಯೋಕೂ ಅವನಿಗಾಗಲ್ಲ. ಬೀಗದ ಕೈ ಇದ್ದೋರಲ್ಲಿ ಉಳಿದೋರು ಇಬ್ರು."

ರಿಪೇರಿಯವನ ಮುಖ ಬಿಳಿಚಿತು.

"ಹೆದರ್ಬೇಡಪ್ಪ. ಅಸಲಿ ವಾಲ್ವಿನೊಳಗೆ ಮೆತ್ತನೆ ಲೋಹ ಇರುತ್ತೆ. ಉರಿ ಮಿತಿ ಮೀರಿದ್ರೆ ಅದು ಕರಗಿ ಹಬೆ ಹೊರಗೆ ಬಿಡುತ್ತೆ, ಕುಕ್ಕರ್ ಒಡೆಯಲ್ಲ. ಒಡೆದ ಕುಕ್ಕರಿಗೆ ಕರಗದ ಅಸಲಿ ವಾಲ್ವ್ ಕೂರಿಸಿದ್ರೆ ಯಾರು ನಂಬ್ತಾರೆ? ರಿಪೇರಿ ಗೊತ್ತಿರೋ ನೀನಾಗಿದ್ರೆ ಒಲೆ ಮೇಲಿಟ್ಟು ಕರಗಿಸಿ ಹಾಕಿರ್ತಿದ್ದೆ. ಒಳ್ಳೇದು ಅಂದ್ರೆ ಹೊಳೀಬೇಕು ಅಂದ್ಕೊಂಡಿರೋನು ಇಲ್ಲಿ ಒಬ್ನೇ. ಹುಟ್ಟಿದಾಗಿಂದ ಅವನು ಮಾರಿದ್ದು ಹೊಳಪನ್ನೇ."

ಬೆಣ್ಣೆ ಕಬ್ಬಿಣದ ಬಾಣಲೆ ಎತ್ತಿ ಬೀಸಿದ. ಅತ್ತಿಗೆ ಬಗ್ಗಿದಳು, ಏಟು ನನ್ನ ಹೆಗಲಿಗೆ ಬಿದ್ದು ಮೂಳೆ ಲಟಕ್ಕೆಂದಿತು. ಇನ್‌ಸ್ಪೆಕ್ಟರ್ ಅವನನ್ನು ಕೆಡವಿ ಮುಖವನ್ನು ನೆಲಕ್ಕೊತ್ತಿದರು.

"ಭಾವ ಕುಕ್ಕರ್ ಕೊಂಡೋರಿಗೆಲ್ಲ ಫೋನ್ ಮಾಡಿ ವಾಲ್ವ್ ನಕಲಿ ಅಂತ ಹೇಳ್ತೀನಿ ಅಂದ!" ಬೆಣ್ಣೆ ರಕ್ತ ಉಗುಳುತ್ತ ಕೂಗಿದ. "ಅಂಗಡಿ ಮುಳುಗ್ತಿತ್ತು! ಬಂದೋರು ಬಣ್ಣ ನೋಡ್ತಾರೆ, ಇನ್ನೂ ಕಮ್ಮಿ ಮಾಡು ಅಂತಾರೆ. ಒಬ್ರಾದ್ರೂ ವಾಲ್ವ್ ಬಗ್ಗೆ ಕೇಳಿದಾರಾ?"

ನಮ್ಮನೆಯ ಕುಕ್ಕರನ್ನು ನಾನೂ ಬಣ್ಣ ನೋಡಿಯೇ ತಂದಿದ್ದೆ. ಹೆಗಲ ನೋವಿನಲ್ಲೂ ನಾಚಿಕೆಯಾಯಿತು.

"ನನ್ನ ಅಳಿಯ?" ಮುದುಕಿ ಕೇಳಿದಳು.

"ಈಗ್ಲೇ ಬಿಡ್ತೀವಿ," ಎಂದರು ಇನ್‌ಸ್ಪೆಕ್ಟರ್. ಅವಳು ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತಳು.

ಮಾಲೀಕನ ಹೆಂಡತಿ ಎದ್ದು, ತಮ್ಮನ ಕಡೆ ತಿರುಗಿಯೂ ನೋಡದೆ, ಡ್ರಾಯರಿನಿಂದ ಗ್ಯಾರಂಟಿ ಕಾರ್ಡುಗಳ ಕಟ್ಟು ತೆಗೆದಳು. ಮುನ್ನೂರಕ್ಕೂ ಹೆಚ್ಚಿದ್ದವು, ಪ್ರತಿಯೊಂದರಲ್ಲೂ ಒಂದು ಮನೆಯ ಫೋನ್ ನಂಬರು. ಮುದುಕಿ ಕಣ್ಣೊರೆಸಿಕೊಂಡು ಅರ್ಧ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ಮೊದಲ ನಂಬರಿಗೆ ಯಾರೋ ಫೋನ್ ಎತ್ತಿದರು.

"ಅಮ್ಮಾ, ಮೊದ್ಲು ಒಲೆ ಆರಿಸಿ," ಎಂದಳು ಮಾಲೀಕನ ಹೆಂಡತಿ. "ನಾನ್ಯಾರು ಅಂತ ಆಮೇಲೆ ಹೇಳ್ತೀನಿ."