ಅಭಿಷೇಕವಾದ ಚಿಪ್ಪು

ತಾಮ್ರದ ಕೊಡ ಗುಂಯ್ಯನೆ ಬಂತು. ಬಗ್ಗಿದೆ!

ಹಿಂದಿನ ಗೋಡೆಗೆ ಬಡಿದು ಠಣ್ ಎಂದಿತು. ಒಂದು ಗೇಣು ಕೆಳಗೆ ಬಂದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

"ಕಳ್ಳಾ! ದೇವರ ಮನಿಗೇ ಕೈ ಹಾಕ್ತೀಯೇನೋ?"

ವಾಸುದೇವಾಚಾರ್ರು! ಒದ್ದೆ ಪಂಚೆ, ಕೆಂಡದ ಕಣ್ಣು. ಕೈಯಲ್ಲೀಗ ದೀಪದ ಕಂಬ.

ನಾನು ಹುಚ್ಚೀರಪ್ಪ, ಬೆಟಗೇರಿಯವನು. ಕಳೆದ ಮಾಲು ಹುಡುಕಿ ಕೊಡುವುದು ನನ್ನ ಬಿಸಿನೆಸ್. ಚಾಕು ಕಂಡಿದ್ದೇನೆ, ಬಡಿಗೆ ಕಂಡಿದ್ದೇನೆ. ಮಡಿಯಲ್ಲಿರುವ ಆಚಾರ್ಯರು ಎದುರಾದದ್ದು ಇದೇ ಮೊದಲು.

ಕೇಸು ಇಷ್ಟೇ. ಅವರ ಅಣ್ಣನ ಮಗ ಶ್ರೀಪಾದ ಅದೇ ಮನೆಯಲ್ಲಿದ್ದ. ಕಾಲೇಜಿನಲ್ಲಿ ಜಿಯಾಲಜಿ ಲೆಕ್ಚರರ್. ಮದ್ರಾಸ್ ಕಡೆಯ ಅರಿಯಲೂರಿನಿಂದ ಮಣ್ಣು ಮೆತ್ತಿದ ಕಲ್ಲೊಂದನ್ನು ತಂದಿದ್ದ. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲಲ್ಲಿ ಸತ್ತು ಕಲ್ಲಾದ ಚಿಪ್ಪಿನ ಪ್ರಾಣಿ. ಸುರುಳಿ ನೋಡಿದರೇ ಗೊತ್ತು, ಯಾರೂ ಹೆಸರಿಡದ ಹೊಸ ಜಾತಿ! ತೊಳೆದು, ಲಕ್ಷಣ ಬರೆದು, ವಿಜ್ಞಾನ ಪತ್ರಿಕೆಗೆ ಸಂಜೆಯ ಟಪಾಲಿನಲ್ಲಿ ಕಳಿಸಬೇಕು. ತಡವಾದರೆ ಪುಣೆಯ ಎದುರಾಳಿ ಮೊದಲು ಹೆಸರಿಡುತ್ತಾನೆ. ಶ್ರೀಪಾದನ ದುಡಿಮೆಯೆಲ್ಲ ನೀರುಪಾಲು.

ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದ... ಅಷ್ಟೇ! ಕಾಕಾ ವಾಸುದೇವಾಚಾರ್ರು ಸುರುಳಿಯಲ್ಲಿ ವಿಷ್ಣುವಿನ ಚಕ್ರ ಕಂಡರು. ಸಾಲಿಗ್ರಾಮವೆಂದರು. ತೊಳೆದು, ಪಂಚಾಮೃತ ಎರೆದು, ದೇವರ ಸಾಲಿನಲ್ಲಿ ಕೂಡಿಸಿಬಿಟ್ಟರು. ಕೇಳಿದರೆ, "ಅಭಿಷೇಕ ಆದ ದೇವರನ್ನ ತಿರುಗಿ ಕೊಡೂದಿಲ್ಲ!" ಶ್ರೀಪಾದ ನನ್ನ ಹತ್ತಿರ ಓಡಿ ಬಂದ.

ಈಗ ನನ್ನೆದುರಿನ ತಟ್ಟೆಯಲ್ಲಿ ಕರಿ ಕಲ್ಲುಗಳ ಸಾಲು. ಎಲ್ಲಕ್ಕೂ ಗಂಧ, ಎಲ್ಲಕ್ಕೂ ತುಳಸಿ. ಕೈಗೆ ಸಿಕ್ಕ ಒಂದನ್ನು ಎತ್ತಿಕೊಂಡು ಬೀದಿಗೆ ಹಾರಿದೆ.

ಬೀದಿ ತುಂಬ ಏಕೀಕರಣದ ಮೆರವಣಿಗೆ! ಬ್ಯಾಂಡು, ಬಾವುಟ, ನೂಕುನುಗ್ಗಲು. ಆಚಾರ್ರು ಹೊಸ್ತಿಲಲ್ಲಿ ಗಕ್ಕನೆ ನಿಂತರು. ಒಬ್ಬನ ಮೈ ತಾಗಿದರೂ ಮಡಿ ಹೋಯಿತು!

ಸೋಮೇಶ್ವರ ಗುಡಿಯ ಹಿಂದೆ ಶ್ರೀಪಾದ ಕಾದಿದ್ದ. ಕಲ್ಲು ನೋಡಿದ. ಮುಖ ಬಿಳಚಿತು.

"ಇದಲ್ರೀ! ನನ್ನ ಕಲ್ಲಿನ ಅಂಚು ಒಡದದ. ಇದು ನಮ್ಮ ಮುತ್ತಜ್ಜನ ಕಾಲದ್ದು... ಖರೆ ಸಾಲಿಗ್ರಾಮ!"

ಮೊದಲು ಬೆವರು ಬಂತು. ಆಮೇಲೆ ನಗು.

ಅವನನ್ನೂ ಎಳೆದುಕೊಂಡು ಹೊಸ್ತಿಲಿಗೆ ವಾಪಸಾದೆ.

"ಆಚಾರ್ರ, ನಿಮ್ಮ ದೇವರು ನನ್ನ ಕೈಯಾಗ ಅದಾನ. ಅಂಚು ಒಡದದ್ದು ಕೊಡ್ರಿ, ಇದನ್ನ ತಗೋರಿ."

"ಮುಟ್ಟಬ್ಯಾಡೋ!"

"ಮುಟ್ಟೇ ಹಿಡಕೊಂಡೇನ್ರಿ! ಮೆರವಣಿಗಿ ಈ ಕಡೆನ ಬರಾಕತ್ತೈತಿ. ಎಲ್ಲಾರ ಕೈಲೂ ಒಮ್ಮೆ ಮುಟ್ಟಸಲೇನು?"

ಕಾಕಾನ ಕೈಯಿಂದ ದೀಪದ ಕಂಬ ಇಳಿಯಿತು. ಒಳಗೆ ಹೋಗಿ ಕಲ್ಲು ತಂದರು. ಕಣ್ಣಲ್ಲಿ ನೀರು.

"ಶ್ರೀಪಾದಾ... ದಿನಾ ಒಂದು ಎಸಳು ತುಳಸಿನಾದ್ರೂ ಏರಸೋ. ದೇವರನ್ನ ಉಪವಾಸ ಕೆಡವಬ್ಯಾಡ."

ಪಾಪ ಅನಿಸಿತು. ಆದರೆ ಅವರ ಸಾಲಿಗ್ರಾಮವನ್ನು ಹೊಸ್ತಿಲ ಮೇಲಿಟ್ಟು ಕೈ ಚಾಚಿದೆ. ಅಂಗೈಗೆ ಬಂದ ಚಿಪ್ಪು ಜಿಡ್ಡಿಗೆ ಜಾರುತ್ತಿತ್ತು.

ಶ್ರೀಪಾದ ಕಟ್ಟೆಯ ಮೇಲೇ ಕೂತ. ಭೂತಗನ್ನಡಿ ಹಿಡಿದ. ಬರೆದೇ ಬರೆದ. ಟಪಾಲು ಸಿಕ್ಕಿತು. ಹೆಸರಿಡುವ ಹಕ್ಕು ಅವನದಾಯಿತು!

ಮುಂದಿನ ವರ್ಷ ಅಚ್ಚಾದ ಲೇಖನ ಹಿಡಿದು ಬೆಟಗೇರಿಗೆ ಓಡಿ ಬಂದ.

"ಕೇಳ್ರಿ ಹುಚ್ಚೀರಪ್ಪನವರ! ಈ ಜಾತಿಯ ಮುಖ್ಯ ಲಕ್ಷಣ ಏನ್ ಗೊತ್ತದ? ಎಣ್ಣಿ ಸವರಿದಂಗ ಮಿರುಗೋ ಮೈ! ಜಗತ್ತಿನ್ಯಾಗ ಬ್ಯಾರೆ ಯಾವ ಚಿಪ್ಪಿಗೂ ಹಿಂಗಿಲ್ಲ!"

ಕಾಕಾನ ಪಂಚಾಮೃತದಲ್ಲಿ ತುಪ್ಪ ತುಸು ಹೆಚ್ಚೇ ಇರುತ್ತದೆ.

ನಾನು ಅವನಿಗೆ ಚಹಾ ತರಿಸಿದೆ. ಕೇಸು ಕ್ಲೋಸ್ ಆಗಿತ್ತು.